ನಲವತ್ತೊಂದನೇ ಪುಟ

“ಇದನ್ನ ಬರೆದಿದ್ದು ಯಾರು?”

ತೆರೆದ ಪುಸ್ತಕವೊಂದನ್ನು ಅವನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಎಸೆದಿದ್ದರೇ ಚೆನ್ನಾಗಿತ್ತೇನೋ ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿತು.

ಲೈಬ್ರರಿಯಲ್ಲಿ ಆಗ ಅವಳೊಬ್ಬಳೇ ಇದ್ದಳು. ಎದುರಿಗೆ ನಿಂತಿದ್ದವನ ತೋಳಿಗೆ, ಹುಬ್ಬಿಗೆ ಮರದ ಪುಡಿ ಅಂಟಿತ್ತು. ಒಂದು ತಿಂಗಳ ಹಿಂದೆ ಸರೋವರದ ದಂಡೆಯ ಹಳೇ ಶೆಡ್ಡಿಗೆ ಬಂದು ಸೇರಿಕೊಂಡ ದೋಣಿ ಬಡಗಿ ಇವನೇ ಇರಬೇಕು ಎಂದುಕೊಂಡಳು.

ಪುಸ್ತಕವನ್ನು ನೋಡಿದ ಕೂಡಲೇ ಅವಳ ಮುಖ ಅರಳಿತು. ಊರಿನ ಚರಿತ್ರೆ! ಎರಡು ವರ್ಷ ಕೂತು ಅವಳೇ ಬರೆದದ್ದು.

“ನಾನೇ ಬರೆದಿದ್ದು,” ಎಂದಳು ಹೆಮ್ಮೆಯಿಂದ.

ಅವನು ಬೆರಳಿಟ್ಟು ತೋರಿಸಿದ. ನಲವತ್ತೊಂದನೇ ಪುಟ, ಮೂರನೇ ಸಾಲು.

“ನಮ್ಮಪ್ಪ ಕುಡೀತಿರಲಿಲ್ಲ.”

ಅಷ್ಟೇ ಹೇಳಿ ಅವನು ಹೊರಟುಹೋದ. ಬಾಗಿಲನ್ನು ಕೂಡ ಸದ್ದಾಗದಂತೆ ಮುಚ್ಚಿದ.

ಅವಳು ಆ ಸಾಲನ್ನು ಓದಿದಳು. ತಾನೇ ಬರೆದ ಸಾಲು. ‘ಚಾಲಕನು ಕುಡಿದ ಅಮಲಿನಲ್ಲಿದ್ದುದರಿಂದ ಲಾಂಚು ಬಂಡೆಗೆ ಬಡಿದು ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು.’

ಯಾರನ್ನು ಕೇಳಿ ಬರೆದೆ ಇದನ್ನು...?

ಯಾರನ್ನೂ ಕೇಳಿರಲಿಲ್ಲ. ಕೇಳುವುದೇನಿತ್ತು? ಇಡೀ ಊರಿಗೆ ಗೊತ್ತಿದ್ದ ವಿಷಯ. ಅವಳ ಕಿವಿ ಸುಟ್ಟಂತೆ ಬಿಸಿಯಾಯಿತು.

ಬೆಟ್ಟ ಮತ್ತು ಸರೋವರದ ನಡುವೆ ಸಿಕ್ಕಿಕೊಂಡ ಇನ್ನೂರು ಮನೆಗಳ ಊರು ಅದು. ಕಲ್ಲು ಗಣಿಯ ಕೆಲಸಕ್ಕೆಂದು ಬಂದವರು ಕಟ್ಟಿದ್ದು. ಬೆಟ್ಟ ಕೊರೆದು ರಸ್ತೆ ಬರುವ ತನಕ ಹೊರಗಿನ ಲೋಕಕ್ಕೆ ಅವರಿಗಿದ್ದ ದಾರಿ ಒಂದೇ, ಲಾಂಚು. ಹೆಣ್ಣು ಕೊಟ್ಟದ್ದು, ತಂದದ್ದು, ಕಾಯಿಲೆಯವರನ್ನು ಸಾಗಿಸಿದ್ದು, ಹೆಣವನ್ನು ಮನೆಗೆ ತಂದದ್ದು ಎಲ್ಲ ಅದರಲ್ಲೇ. ಇದನ್ನೆಲ್ಲ ಅವಳು ಮನೆಮನೆಗೆ ಹೋಗಿ, ಅಜ್ಜಿಯರ ಪಕ್ಕ ಕೂತು, ಹತ್ತು ಸಲ ಕೇಳಿ ಬರೆದಿದ್ದಳು. ಆ ಒಂದು ಸಾಲನ್ನು ಬಿಟ್ಟು.

ಲಾಂಚು ಮುಳುಗಿದಾಗ ಅವಳು ತೊಟ್ಟಿಲ ಕೂಸು. ಈಗ ಅವಳಿಗೆ ಮೂವತ್ತೆರಡು.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಲೈಬ್ರರಿಗೆ ಬೀಗ ಹಾಕಿ ದೋಣಿಯ ಶೆಡ್ಡಿಗೆ ಹೋದಳು. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಪಾಠದಂತೆ ಒಪ್ಪಿಸಿಕೊಳ್ಳುತ್ತಾ ಹೋದಳು. ಅಲ್ಲಿ ಬಡಗಿ ಇರಲಿಲ್ಲ. ಬಾಗಿಲಲ್ಲಿ ಕೂತು ಹಳೇ ಹಾಯಿಬಟ್ಟೆ ಹೊಲಿಯುತ್ತಿದ್ದ ಬೆಳ್ಳಿಗೂದಲ ಹೆಂಗಸೊಬ್ಬಳು ಕನ್ನಡಕದ ಮೇಲಿನಿಂದ ನೋಡಿ, ನೀನೇನಾ ಪುಸ್ತಕದಕ್ಕ ಎಂದು ಕೇಳಿದಳು. ಊರಿನ ಮಕ್ಕಳು ಅವಳಿಗೆ ಇಟ್ಟ ಹೆಸರು ಅದು.

ಹೌದು ಎನ್ನಲೂ ಅವಳಿಗೆ ನಾಚಿಕೆಯಾಯಿತು.

ಅದು ಬಡಗಿಯ ತಾಯಿ. ಅವಳು ಬಯ್ಯಲಿಲ್ಲ. ಒಳಗೆ ಕರೆದು ಬಿಸಿಬಿಸಿ ಚಹಾ ಕೊಟ್ಟಳು. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಗಂಡ ಸತ್ತ ಮೇಲೆ ಊರವರು ಮುಖ ತಿರುಗಿಸಿದ್ದು, ಆರು ವರ್ಷದ ಮಗನನ್ನು ಕಟ್ಟಿಕೊಂಡು ಬಯಲು ಸೀಮೆಗೆ ಇಳಿದು ಬಟ್ಟೆ ಹೊಲಿದು ಸಾಕಿದ್ದು, ಎಲ್ಲವನ್ನೂ ಆಕೆ ಬೇರೆ ಯಾರದೋ ಕತೆಯಂತೆ ಹೇಳಿದಳು. ಸಾಯುವುದಾದರೆ ಗಂಡ ಮುಳುಗಿದ ನೀರನ್ನು ನೋಡುತ್ತಲೇ ಸಾಯಬೇಕು ಎಂದು ಹಟ ಹಿಡಿದದ್ದಕ್ಕೆ ಮಗ ವಾಪಸು ಕರೆತಂದಿದ್ದನಂತೆ.

“ಒಂದು ಮಾತು ಹೇಳ್ತೀನಿ ಕೇಳು ಮಗು,” ಎಂದಳು ಕೊನೆಗೆ. “ಅವತ್ತು ತಿಂಡಿ ಡಬ್ಬಿ ಹಿಡಿದುಕೊಂಡು ದಡದಲ್ಲೇ ನಿಂತಿದ್ದೆ. ಕೈ ಚಾಚಿದರೆ ಕೈ ಕಾಣದಂಥ ಮಂಜು. ಅಂಥ ದಿನ ದೋಣಿಕಟ್ಟೆಯ ಗಂಟೆ ಬಾರಿಸ್ತಾನೇ ಇರಬೇಕು, ಆ ಸದ್ದು ಹಿಡಿದು ಲಾಂಚು ದಡಕ್ಕೆ ಬರುತ್ತೆ. ಅವತ್ತು ಗಂಟೆ ಬಾರಿಸಲಿಲ್ಲ. ಎಲ್ಲರಿಗೂ ಹೇಳಿದೆ. ಕುಡುಕನ ಹೆಂಡತಿ ಮಾತು ಯಾರು ಕೇಳ್ತಾರೆ?”

ಪುಸ್ತಕದಕ್ಕ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

ದೋಣಿಕಟ್ಟೆಯ ಉಸ್ತುವಾರಿ ಆಗ ಅವಳ ಅಪ್ಪನದು.

ಅಪ್ಪ ಬಾರಿಸದೆ ಇರುತ್ತಾರೆಯೇ? ಈ ಹೆಂಗಸಿಗೆ ಗಾಬರಿಯಲ್ಲಿ ಕೇಳಿಸಿರಲಿಕ್ಕಿಲ್ಲ... ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹಾಗೆ ಹೇಳಿಕೊಂಡದ್ದಕ್ಕೂ ಆಮೇಲೆ ನಾಚಿಕೊಂಡಳು.

ಅಷ್ಟರಲ್ಲಿ ಬಡಗಿ ಬಂದ. ಅವಳು ಎದ್ದು ನಿಂತು, ಕಲಿತ ಪಾಠವೆಲ್ಲ ಮರೆತು, ತಪ್ಪಾಯಿತು, ವಿಚಾರಿಸದೆ ಬರೆದೆ, ಈಗ ವಿಚಾರಿಸುತ್ತೇನೆ ಎಂದು ತೊದಲಿದಳು. ಅವನು ಹೊತ್ತು ತಂದ ಹಲಗೆಯನ್ನು ಗೋಡೆಗೆ ಒರಗಿಸಿದ. ಆಚೆ ದಡದ ಹಳ್ಳಿಯಲ್ಲಿ ಆ ಲಾಂಚಿನಲ್ಲಿದ್ದು ಬದುಕುಳಿದ ಹಾಲಿನಜ್ಜಿ ಇದ್ದಾಳಂತೆ, ನಾಳೆ ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ.

ಹೀಗೆ ಶುರುವಾಯಿತು.

ಹಾಲಿನಜ್ಜಿಗೆ ಎಂಬತ್ತು ದಾಟಿತ್ತು. ಲಾಂಚು ಹೊರಡುವಾಗ ಚಾಲಕ ತನ್ನ ಹಾಲಿನ ಕ್ಯಾನನ್ನು ಎತ್ತಿಕೊಟ್ಟ, ವಾಸನೆಗೀಸನೆ ಏನೂ ಇರಲಿಲ್ಲ ಎಂದಳು. ಗಂಟೆಯ ಸದ್ದು ತನಗೂ ಕೇಳಲಿಲ್ಲ, ಆದರೆ ಕಿವಿಗೆ ನೀರು ನುಗ್ಗಿದವಳ ಮಾತು ಯಾವ ಲೆಕ್ಕ ಎಂದು ಸುಮ್ಮನಾದೆ ಎಂದಳು. ಆಮೇಲೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಮದುವೆಯಾಗಿ ಎಷ್ಟು ವರ್ಷವಾಯಿತು, ಮಕ್ಕಳೆಷ್ಟು ಎಂದು ಕೇಳಿಬಿಟ್ಟಳು. ಬಡಗಿ ಕೆಮ್ಮಿದ. ಪುಸ್ತಕದಕ್ಕ ಕಿಟಕಿಯಾಚೆಯ ಬೆಟ್ಟವನ್ನು ಅದೇ ಮೊದಲ ಸಲ ಕಂಡವಳಂತೆ ನೋಡತೊಡಗಿದಳು.

ವಾಪಸು ಬರುವಾಗ ಅವನು ಮೊದಲ ಬಾರಿ ನಕ್ಕ. ಅವಳೂ ನಕ್ಕಳು.

ಆಮೇಲೆ ಗಣಿಯ ಹಳೇ ಮೇಸ್ತ್ರಿಯನ್ನು ನೋಡಲು ಹೋದರು. ಪೋಸ್ಟಾಫೀಸಿನ ಮುದುಕರನ್ನು ಕೇಳಿದರು. ಚಾಲಕ ಕುಡಿದದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಎಲ್ಲರೂ ಯಾರೋ ಹೇಳಿದ್ದನ್ನು ಕೇಳಿದವರೇ. ಕೇಳಲು ಯಾರೂ ಉಳಿಯದೆ ಇದ್ದ ಮೇಲೂ ಇವರಿಬ್ಬರು ಭೇಟಿಯಾಗುವುದು ನಿಲ್ಲಲಿಲ್ಲ. ಅವನು ಉಳಿ ಹಿಡಿದು ಕೆಲಸ ಮಾಡುತ್ತಿದ್ದರೆ ಅವಳು ಪಕ್ಕದ ಹಲಗೆಯ ಮೇಲೆ ಕೂತು ಪುಸ್ತಕ ಓದಿ ಹೇಳುತ್ತಿದ್ದಳು. ಚೌಕದ ಬೇಕರಿಯಕ್ಕನ ಅಂಗಡಿಯಲ್ಲಿ ಸುದ್ದಿ ಬ್ರೆಡ್ಡಿಗಿಂತ ಬೇಗ ಉಬ್ಬುತ್ತಿತ್ತು. ದಿನಾ ಶೆಡ್ಡಿಗೆ ಹೋಗುತ್ತೀಯಲ್ಲ, ದೋಣಿಯ ಚರಿತ್ರೆಯನ್ನೂ ಬರೆಯುತ್ತೀಯಾ ಎಂದು ಆಕೆ ರೇಗಿಸಿದಾಗ ಅವಳು ಕೆಂಪಾದಳು.

ಇವನು ಮಾತು ಕಡಿಮೆ ಆಡಿದರೂ ಸುಳ್ಳು ಆಡುವುದಿಲ್ಲ... ಇವನ ಜತೆ ಇದ್ದರೆ ಸಾಕು ಅನ್ನಿಸುತ್ತೆ ಯಾಕೆ?

ಉತ್ತರ ಅವಳಿಗೇ ಗೊತ್ತಿತ್ತು. ಆದರೆ ಕೇಳಬೇಕಾದ ಒಬ್ಬರನ್ನು ಅವಳು ಇನ್ನೂ ಕೇಳಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ಅಪ್ಪ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಅದು ಅವರ ಕೆಲಸ. ಸಿಪ್ಪೆ ತುಂಡಾಗದಂತೆ ಒಂದೇ ಉದ್ದಕ್ಕೆ ತೆಗೆಯುವುದು ಅವರ ಜಂಬ. ಅವಳು ಸಾಧ್ಯವಾದಷ್ಟು ಹಗುರವಾಗಿ ಕೇಳಿದಳು.

“ಅಪ್ಪಾ, ಲಾಂಚು ಮುಳುಗಿದ ದಿನ ನೀವು ಗಂಟೆ ಬಾರಿಸಿದ್ರಿ, ಅಲ್ವಾ?”

ಸಿಪ್ಪೆ ತುಂಡಾಗಿ ಕೆಳಗೆ ಬಿತ್ತು.

ಅಪ್ಪ ಅದನ್ನು ಎತ್ತಿ ಬುಟ್ಟಿಗೆ ಹಾಕಿದರು. ಆಮೇಲೆ ಕೈಯಲ್ಲಿದ್ದ ಚಾಕುವಿಗೇ ಹೇಳುವಂತೆ ಹೇಳಿದರು. ಹಿಂದಿನ ದಿನ ಗೆಳೆಯನ ಮನೆಯ ಮದುವೆ. ಕುಡಿದು ಬಂದು ಕಟ್ಟೆಯ ಕೋಣೆಯಲ್ಲಿ ಮಲಗಿದವರಿಗೆ ಬೆಳಿಗ್ಗೆ ಎಚ್ಚರವಾದದ್ದು ಜನರ ಕೂಗಿಗೆ. ಎದ್ದು ಓಡಿದಾಗ ಯಾರೋ ಏನಾಯಿತು ಎಂದು ಕೇಳಿದರು.

“ಅವನು ಕುಡಿದಿದ್ದ ಅಂತ ಬಾಯಿಗೆ ಬಂದುಬಿಡ್ತು ಮಗಳೇ. ಕುಡಿದಿದ್ದವನು ನಾನು. ವಾಪಸು ತಗೊಳ್ಳೋಣ ಅನ್ನೋದರೊಳಗೆ ಮಾತು ಹತ್ತು ಬಾಯಿ ದಾಟಿತ್ತು.”

“ಅಮ್ಮನಿಗೆ ಗೊತ್ತಿತ್ತಾ?”

“ಇಲ್ಲ. ಯಾರಿಗೂ ಗೊತ್ತಿಲ್ಲ. ನೀನೂ ಯಾರಿಗೂ ಹೇಳಬೇಡ... ಈ ವಯಸ್ಸಲ್ಲಿ ನನ್ನ ಬೀದಿಗೆ ಹಾಕಬೇಡ.”

ಅಪ್ಪ ಕೈ ಮುಗಿದರು. ಅವಳನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಿಸಿದ ಅಪ್ಪ! ಅವಳು ಆ ಕೈಗಳನ್ನು ಹಿಡಿದು ಬಿಡಿಸಿದಳು. ಹೇಳುವುದಿಲ್ಲ ಎಂದಳು.

ಅಲ್ಲಿಂದ ಹನ್ನೊಂದು ದಿನ ಅವಳು ಬಾಯಿ ಬಿಡಲಿಲ್ಲ. ಶೆಡ್ಡಿಗೆ ಹೋದಳು, ತಾಯಿಯ ಕೈಯ ಚಹಾ ಕುಡಿದಳು, ಅವನು ಹೇಳಿದ್ದಕ್ಕೆ ನಕ್ಕಳು. ಏನಾದರೂ ಹೊಸದು ಗೊತ್ತಾಯಿತಾ ಮಗು ಎಂದು ಆ ತಾಯಿ ಕೇಳಿದಾಗ, ಇನ್ನೂ ಇಲ್ಲ ಎಂದುಬಿಟ್ಟಳು. ಹೊರಗೆ ಬಂದು ಗೋಡೆಗೆ ಹಣೆಯಿಟ್ಟು ನಿಂತಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹನ್ನೆರಡನೇ ದಿನ ಬಡಗಿ ಹೊಸ ದೋಣಿಗೆ ಕೊನೆಯ ಮೊಳೆ ಹೊಡೆದು ಮುಗಿಸಿ, ಕೈ ಒರೆಸಿಕೊಂಡು ಅವಳ ಎದುರು ಬಂದು ನಿಂತ. ಹಣೆಯ ಮೇಲೆ ಬೆವರಿತ್ತು. ಕೆಲಸದ ಬೆವರಲ್ಲ ಎಂದು ಅವಳಿಗೆ ಗೊತ್ತಾಯಿತು.

“ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನನ್ನ ಮದುವೆ ಆಗ್ತೀರಾ?”

ಅವಳ ಎದೆ ಒಮ್ಮೆ ಹಾರಿತು. ಮರುಕ್ಷಣವೇ ಅಪ್ಪನ ಮುಗಿದ ಕೈಗಳು ಕಣ್ಣ ಮುಂದೆ ಬಂದವು. ಸುಳ್ಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಈ ಮನೆ ಸೇರಲೇ? ಆ ತಾಯಿಯನ್ನು ಅತ್ತೆ ಎಂದು ಕರೆಯಲೇ?

“ಆಗಲ್ಲ,” ಎಂದಳು.

“ಯಾಕೆ ಅಂತ ಕೇಳಬಹುದಾ?”

ಅವಳು ನೆಲ ನೋಡಿದಳು.

ಅವನ ಮುಖ ನಿಧಾನವಾಗಿ ಬಿಳಿಚಿತು. “ಗೊತ್ತಾಯ್ತು. ಕುಡುಕನ ಮಗ ಅಂತ ತಾನೆ? ಎಷ್ಟು ವಿಚಾರಿಸಿದರೂ ಸಾಕ್ಷಿ ಸಿಗಲಿಲ್ಲ. ನೀವಾದರೂ ನಂಬಿದ್ದೀರಿ ಅಂದುಕೊಂಡಿದ್ದೆ.”

ಇಲ್ಲ ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ. ಅವನು ಹಾಗೆ ನಂಬಲಿ ಎಂದು ಬಿಟ್ಟು ಎದ್ದು ಬಂದಳು.

ಆ ಮೇಲಿನ ವರ್ಷಗಳಲ್ಲೂ ಅವಳಿಗೆ ನೆನಪಾದಾಗಲೆಲ್ಲ ಮುಖ ಮುಚ್ಚಿಕೊಳ್ಳುವಂತಾಗುತ್ತಿದ್ದದ್ದು ಇದೊಂದೇ. ವಿಚಾರಿಸದೆ ಬರೆದದ್ದು ಅಜ್ಞಾನ. ಅಪ್ಪನಿಗೆ ಮಾತು ಕೊಟ್ಟದ್ದು ಕರುಳಿನ ಸಂಕಟ. ಆದರೆ ಅವನ ಮುಖ ಬಿಳಿಚುವುದನ್ನು ನೋಡುತ್ತಾ ಸುಮ್ಮನಿದ್ದದ್ದಕ್ಕೆ ಯಾವ ಹೆಸರೂ ಇರಲಿಲ್ಲ.

ಎರಡು ದಿನದ ಮೇಲೆ ಬೇಕರಿಯಕ್ಕ, ಬ್ರೆಡ್ಡು ಸುತ್ತಿಕೊಡುತ್ತಾ, ಬಡಗಿ ಗಂಟುಮೂಟೆ ಕಟ್ಟುತ್ತಿದ್ದಾನೆ, ಸೋಮವಾರ ತಾಯಿಯನ್ನು ಕರೆದುಕೊಂಡು ಹೊರಡುತ್ತಾನಂತೆ, ಪಾಪ ಆ ಮುದುಕಿಗೆ ಇಲ್ಲಿ ಸಾಯಲೂ ಬಿಡಲಿಲ್ಲ ಈ ಊರು ಎಂದಳು. ಪುಸ್ತಕದಕ್ಕ ಬ್ರೆಡ್ಡನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಅಪ್ಪ ಅಂಗಳದಲ್ಲಿ ಕೂತಿದ್ದರು. ಅವಳು ಅವರ ಕಾಲ ಬಳಿ ಕುಸಿದಳು.

“ಅಪ್ಪಾ, ನಾನು ಹೇಳಿಬಿಡ್ತೀನಿ. ನನ್ನ ಬಯ್ಯಿರಿ, ಹೊಡೀರಿ. ನಿಮ್ಮನ್ನ ಬಿಟ್ಟು ಹೋಗಲ್ಲ, ಊರೆಲ್ಲ ಉಗಿದರೂ ನಿಮ್ಮ ಪಕ್ಕದಲ್ಲೇ ನಡೀತೀನಿ. ಆದರೆ ಹೇಳದೆ ಇರೋಕೆ ನನ್ನಿಂದಾಗಲ್ಲ.”

ಅಪ್ಪ ಎದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ಒಬ್ಬಳೇ ಶೆಡ್ಡಿಗೆ ಹೋದಳು. ತಾಯಿ, ಮಗ ಇಬ್ಬರೂ ಇದ್ದರು. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಅವಳು ನಿಂತೇ ಹೇಳಿದಳು. ಗಂಟೆ ಬಾರಿಸದೆ ಇದ್ದದ್ದು, ಅಪ್ಪ ಆಡಿದ ಒಂದು ಮಾತು, ತನಗೆ ಗೊತ್ತಾಗಿ ಎರಡು ವಾರವಾದದ್ದು, ಇನ್ನೂ ಇಲ್ಲ ಎಂದು ಸುಳ್ಳು ಹೇಳಿದ್ದು. ಕೊನೆಯದನ್ನು ಹೇಳುವಾಗ ಅವನನ್ನು ನೋಡಿದಳು.

“ಮದುವೆ ಬೇಡ ಅಂದಿದ್ದು ನೀವು ಕುಡುಕನ ಮಗ ಅಂತ ಅಲ್ಲ. ನಾನು ಅವರ ಮಗಳು ಅಂತ. ಅವತ್ತು ಅದನ್ನ ಹೇಳೋಕೆ ನನಗೆ ಧೈರ್ಯ ಬರಲಿಲ್ಲ.”

ಅವನ ಕೈಯಲ್ಲಿದ್ದ ಹಗ್ಗ ಬಿಗಿಯಾಯಿತು. ಹೊರಗೆ ಹೋಗಿ ನೀರಿನ ಕಡೆ ಮುಖ ಮಾಡಿ ನಿಂತ. ತಾಯಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಇದನ್ನು ನಿಮ್ಮಪ್ಪನ ಬಾಯಿಂದ ಕೇಳಬೇಕು, ನಾಲ್ಕು ಜನರ ಮುಂದೆ ಕೇಳಬೇಕು, ಅಲ್ಲಿಯವರೆಗೂ ನಾನು ಎಲ್ಲಿಗೂ ಹೋಗುವುದಿಲ್ಲ ಎಂದಳು.

ಭಾನುವಾರ ಸಂಜೆ ಊರಿನವರೆಲ್ಲ ಸಮುದಾಯ ಭವನದಲ್ಲಿ ಸೇರುವುದು ವಾಡಿಕೆ. ನೀರಿನ ಪೈಪು, ರಸ್ತೆಯ ಗುಂಡಿ, ಇಂಥವೇ ವಿಷಯ. ಪುಸ್ತಕದಕ್ಕ ಮಾತಾಡಬೇಕೆಂದು ಎದ್ದು ನಿಂತಳು. ಅವಳು ಒಂದು ಪದ ಆಡುವ ಮೊದಲೇ ಹಿಂದಿನ ಬಾಗಿಲು ತೆರೆಯಿತು.

ಅಪ್ಪ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮಗಳ ಪಕ್ಕಕ್ಕೆ ಬಂದು, ಕೂತ್ಕೋ ಮಗಳೇ, ಇದು ನಿನ್ನ ಮಾತಲ್ಲ, ನನ್ನದು ಎಂದರು.

ಅವರು ಹೇಳಿದ್ದು ನಾಲ್ಕೇ ಮಾತು.

“ಆ ದಿನ ನಾನು ಗಂಟೆ ಬಾರಿಸಲಿಲ್ಲ. ಕುಡಿದು ಮಲಗಿದ್ದೆ. ಅವನು ಕುಡಿದಿರಲಿಲ್ಲ. ಸತ್ತವನು ಎದ್ದು ಬಂದು ಹೇಳಲ್ಲ ಅಂತ ಅವನ ಮೇಲೆ ಹೊರಿಸಿದೆ.”

ಆ ಲಾಂಚಿನಲ್ಲಿ ಅಣ್ಣನನ್ನು ಕಳೆದುಕೊಂಡ ಗಣಿಯ ಮೇಸ್ತ್ರಿ ಎದ್ದು ನಿಂತ, ಅಪ್ಪನ ಕಡೆ ಎರಡು ಹೆಜ್ಜೆ ಇಟ್ಟ, ಆಮೇಲೆ ಏನನ್ನಿಸಿತೋ ತಿರುಗಿ ಹೊರಗೆ ಹೋದ. ಎಲ್ಲರೂ ಅಪ್ಪನನ್ನು ನೋಡುತ್ತಿದ್ದರು. ಆದರೆ ಮೂಲೆಯಲ್ಲಿ ಕೂತ ಬೆಳ್ಳಿಗೂದಲ ಹೆಂಗಸಿನ ಕಣ್ಣು ತಪ್ಪಿಸುತ್ತಿದ್ದರು. ಅವಳಿಂದ ಮುಖ ತಿರುಗಿಸಿದವರಲ್ಲಿ ಅವರೆಲ್ಲರೂ ಇದ್ದರಲ್ಲ.

ಆ ತಾಯಿ ಎದ್ದು ಬಂದು ಅಪ್ಪನ ಎದುರು ನಿಂತಳು. ಕ್ಷಮಿಸುತ್ತೇನೆ ಎನ್ನಲಿಲ್ಲ. ಶಾಪವನ್ನೂ ಹಾಕಲಿಲ್ಲ. ಹೇಳುವುದಕ್ಕೆ ಮೂವತ್ತೊಂದು ವರ್ಷ ಬೇಕಾಯಿತೇ ಎಂದು ಮಾತ್ರ ಕೇಳಿ, ಮಗನ ತೋಳು ಹಿಡಿದು ನಡೆದುಹೋದಳು.

ಮರುದಿನದಿಂದ ಅಪ್ಪನನ್ನು ಯಾರೂ ಮಾತಾಡಿಸಲಿಲ್ಲ. ಅವರು ಸಂಜೆ ನಡೆಯಲು ಹೊರಟರೆ ಕಟ್ಟೆಯ ಮೇಲೆ ಕೂತವರು ಎದ್ದು ಹೋಗುತ್ತಿದ್ದರು. ಅವಳು ಮಾತು ಕೊಟ್ಟಂತೆ ಪಕ್ಕದಲ್ಲೇ ನಡೆದಳು. ತಲೆ ತಗ್ಗಿಸಿಕೊಂಡೇ, ಆದರೆ ದಿನವೂ.

ಬೆಳಗಿನ ಹೊತ್ತು ಅವಳಿಗೆ ಬೇರೆ ಕೆಲಸವಿತ್ತು. ಊರಿನ ಚರಿತ್ರೆ ಪ್ರತಿ ಮನೆಗೂ ಒಂದೊಂದು ಹೋಗಿತ್ತು. ಅವಳು ಆ ಸಾಲನ್ನು ತಿದ್ದಿ ಬರೆದ ಚೀಟಿಗಳನ್ನೂ ಗೋಂದಿನ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿದಳು. ನಾನು ಸುಳ್ಳು ಬರೆದಿದ್ದೆ, ತಿದ್ದಲು ಬಂದಿದ್ದೇನೆ ಎಂದು ಪ್ರತಿ ಹೊಸ್ತಿಲಲ್ಲೂ ಹೇಳಬೇಕು. ಕೆಲವರು ಕೂರಿಸಿ ನೀರು ಕೊಟ್ಟರು. ಕೆಲವರು ಪುಸ್ತಕವನ್ನು ಕಿಟಕಿಯಿಂದ ಚಾಚಿದರು. ಒಬ್ಬಾಕೆ, ಮೊದಲು ನಿಮ್ಮಪ್ಪನ ನಾಲಿಗೆಗೆ ಅಂಟಿಸು ಗೋಂದು ಎಂದಳು. ಅವಳು ಆಗಲಿ ಎಂದು ತಲೆಯಾಡಿಸಿ ಚೀಟಿ ಅಂಟಿಸಿದಳು.

ಸೋಮವಾರ ಕಳೆದು ಎಷ್ಟೋ ಸೋಮವಾರಗಳಾದರೂ ಬಡಗಿ ಊರು ಬಿಟ್ಟಿರಲಿಲ್ಲ. ದಾರಿಯಲ್ಲಿ ಎದುರಾದರೆ ನಿಲ್ಲುತ್ತಿದ್ದ. ಏನೋ ಹೇಳಲು ಬಾಯಿ ತೆರೆದು ಸುಮ್ಮನೆ ಮುಂದೆ ಹೋಗುತ್ತಿದ್ದ. ಅವಳು ಕರೆಯಲಿಲ್ಲ. ಕರೆಯುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಳು.

ಈ ದಡದ ಮನೆಗಳೆಲ್ಲ ಮುಗಿದ ಮೇಲೆ ಆಚೆ ದಡದ ಹಳ್ಳಿಯಲ್ಲಿ ಪುಸ್ತಕ ಕೊಂಡಿದ್ದ ಹದಿನೆಂಟು ಮನೆಗಳು ಉಳಿದವು. ಅಲ್ಲಿಗೆ ಹೋಗಲು ದೋಣಿಯೇ ಬೇಕು. ಯಾರನ್ನು ಕೇಳುವುದೆಂದು ತಿಳಿಯದೆ ಅವಳು ಬೆಳಿಗ್ಗೆ ದೋಣಿಕಟ್ಟೆಯ ಮೇಲೆ ಚೀಲ ಹಿಡಿದು ನಿಂತಿದ್ದಾಗ, ಹೊಸ ದೋಣಿಯೊಂದು ಬಂದು ಕಟ್ಟೆಗೆ ತಾಗಿತು.

“ಹತ್ತಿ,” ಎಂದ ಬಡಗಿ.

ಅವಳು ಹತ್ತಿದಳು. ನೀರಿನ ನಡುವೆ ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ.

“ನಿಮಗೆ ಒಂದು ವಿಷಯ ಹೇಳಬೇಕು. ಎರಡು ತಿಂಗಳಿಂದ ಒದ್ದಾಡ್ತಿದ್ದೀನಿ.”

ಅವಳು ಚೀಲವನ್ನು ಪಕ್ಕಕ್ಕಿಟ್ಟಳು.

“ಸ್ಕೂಲಲ್ಲಿ ಅಪ್ಪ ಏನಾದ್ರು ಅಂತ ಕೇಳಿದ್ರೆ ಜ್ವರ ಬಂದು ತೀರಿಕೊಂಡ್ರು ಅಂತಿದ್ದೆ. ನಾನೂ ನಂಬಿದ್ದೆ, ಅವರು ಕುಡಿದಿದ್ರು ಅಂತ. ಅಮ್ಮ ಗಂಟೆ ವಿಷಯ ಹೇಳಿದಾಗಲೆಲ್ಲ ಪಾಪ, ಮನಸ್ಸಿನ ಸಮಾಧಾನಕ್ಕೆ ಹೇಳ್ತಾಳೆ ಅಂದುಕೊಳ್ತಿದ್ದೆ. ಅವತ್ತು ಲೈಬ್ರರಿಗೆ ಬಂದು ‘ನಮ್ಮಪ್ಪ ಕುಡೀತಿರಲಿಲ್ಲ’ ಅಂದೆನಲ್ಲ... ಆ ಮಾತು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು. ನೀವು ಎರಡು ವಾರ ಮುಚ್ಚಿಟ್ಟಿದ್ದಕ್ಕೆ ನಾನು ಸಿಟ್ಟು ಮಾಡಿಕೊಂಡೆ. ನಾನು ಮೂವತ್ತು ವರ್ಷ ಸ್ವಂತ ಅಪ್ಪನ್ನ ನಂಬಿರಲಿಲ್ಲ.”

ಅವನ ಕಣ್ಣು ತುಂಬಿತ್ತು. ಅವಳು ಕೈ ಚಾಚಿ, ಹುಟ್ಟು ಹಿಡಿದಿದ್ದ ಅವನ ಕೈಯ ಮೇಲೆ ಇಟ್ಟಳು.

“ಅಮ್ಮನಿಗೆ ಗೊತ್ತಾ?”

“ಇನ್ನೂ ಹೇಳಿಲ್ಲ. ನಾಚಿಕೆ.”

“ಹೇಳಿಬಿಡಿ,” ಎಂದಳು ಅವಳು. “ಹೇಳೋದಕ್ಕೆ ಮೊದಲು ಸತ್ತೇ ಹೋಗ್ತೀನಿ ಅನ್ನಿಸುತ್ತೆ. ಹೇಳಿದ ಮೇಲೆ ಸಾಯಲ್ಲ.”

ಅವನು ಅಳುತ್ತಲೇ ನಕ್ಕ.

“ನೀವು ಜತೆಗೆ ಬರ್ತೀರಾ?”

“ಯಾವಾಗ?”

“ಇವತ್ತು, ಈ ಮನೆಗಳೆಲ್ಲ ಮುಗಿದ ಮೇಲೆ.” ಅವನು ತಡವರಿಸಿದ. “ಆಮೇಲೂ... ನಾನು ನಿಮ್ಮನೆಗೆ ಬಂದು ನಿಮ್ಮಪ್ಪನ ಮುಂದೆ ಕೂರಬೇಕು. ಸುಲಭ ಆಗಲ್ಲ. ಅಮ್ಮನಿಗಂತೂ ಇನ್ನೂ ಎಷ್ಟು ದಿನ ಬೇಕೋ ಗೊತ್ತಿಲ್ಲ. ಕಾಯ್ತೀರಾ?”

“ಅವರಿಗೆ ಎಷ್ಟು ದಿನ ಬೇಕೋ ಅಷ್ಟೂ ದಿನ ಕಾಯ್ತೀನಿ.”

“ನನಗಾಗಿ?”

ಎರಡು ತಿಂಗಳಲ್ಲಿ ಮೊದಲ ಬಾರಿ ಅವಳು ತಲೆಯೆತ್ತಿ ಅವನ ಕಣ್ಣುಗಳನ್ನು ನೇರವಾಗಿ ನೋಡಿದಳು.

“ನಿಮಗಾಗಿ ಕಾಯೋದು ಏನಿದೆ,” ಎಂದಳು ಮೆಲ್ಲಗೆ. “ದೋಣಿ ಹತ್ತಿ ಅಂದ್ರಿ, ಹತ್ತಿದೆ.”